30 ಕಿಲೋ ನಾಯಿಗೆ ಖಾಯಂ ಮನೆ ಹುಡುಕುವ ಬಗೆ

ಬೆಂಗಳೂರಿನ ಹೊರವಲಯದ ಲೇಔಟ್‌ಗಳಲ್ಲಿ, ಕೆರೆ ಏರಿಯ ಮೇಲೆ, ಹೆದ್ದಾರಿ ಪಕ್ಕದ ಡಾಬಾಗಳ ಹಿಂದೆ ದೊಡ್ಡ ದೊಡ್ಡ ಜಾತಿ ನಾಯಿಗಳು ಸಿಗುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್, ಗ್ರೇಟ್ ಡೇನ್, ಆಗಾಗ ಒಂದು ಸೇಂಟ್ ಬರ್ನಾರ್ಡ್. ಕೊರಳಲ್ಲಿ ಬೆಲ್ಟ್ ಇದ್ದ ಜಾಗದ ಕೂದಲು ಇನ್ನೂ ಬೆಳೆದಿರುವುದಿಲ್ಲ. ಮರಿಯಾಗಿದ್ದಾಗ ಅಂಗೈಯಲ್ಲಿ ಕೂರುತ್ತಿದ್ದದ್ದು ಹತ್ತು ತಿಂಗಳಿಗೆ ಮನೆಯವರನ್ನೇ ಎಳೆದು ಕೆಡವುವಷ್ಟಾಯಿತು. ಬಾಡಿಗೆ ಮನೆ ಬದಲಾಯಿತು, ಮಗು ಹುಟ್ಟಿತು, ನಾಯಿಯ ಸೊಂಟ ಬಿತ್ತು, ಮರಿ ಹಾಕಿಸಿ ಮಾರುವವರಿಗೆ ಅದರ ಉಪಯೋಗ ಮುಗಿಯಿತು. ಕಾರಿನಲ್ಲಿ ತಂದು ಇಳಿಸಿ ಹೋದರು.

ಇಂಥ ನಾಯಿಯನ್ನು ಎತ್ತಿಕೊಂಡು ಬರುವುದು ಕೆಲಸದ ಸಣ್ಣ ಭಾಗ. ಹೊಸ ಮನೆಗೆ ಕೊಟ್ಟ ದೊಡ್ಡ ನಾಯಿ ವಾಪಸ್ ಬಂದಾಗ ಕಾರಣ ಕೆದಕಿ ನೋಡಿ. ಬಹುತೇಕ ಅಲ್ಲಿ ಸಿಗುವುದು ಇಷ್ಟೇ: ಕೊಡುವಾಗ ಗೊತ್ತಿದ್ದ ಏನೋ ಒಂದನ್ನು ಹೇಳಿರಲಿಲ್ಲ, ಇಲ್ಲವೇ ತಿಳಿದುಕೊಳ್ಳುವಷ್ಟು ದಿನ ನಾಯಿಯನ್ನು ಇಟ್ಟುಕೊಂಡಿರಲಿಲ್ಲ. 8 ಕಿಲೋ ನಾಯಿ ಲೀಶ್ ಎಳೆದರೆ ಜನ ಸಹಿಸಿಕೊಳ್ಳುತ್ತಾರೆ. 38 ಕಿಲೋ ನಾಯಿ ಎಳೆದರೆ ಮಣಿಕಟ್ಟು ಮುರಿಯುತ್ತದೆ. ಹಾಗಾಗಿ ಈ ಬರಹದ ದೊಡ್ಡ ಪಾಲು ದತ್ತು ಜಾಹೀರಾತಿಗೆ ಮುಂಚಿನ ಕೆಲಸದ್ದು.

ಮೊದಲ ಎರಡು ವಾರ ಯಾರಿಗೂ ಕೊಡಬೇಡಿ

ಬೀದಿಯಲ್ಲಿ ಸಿಕ್ಕ ಜಾತಿ ನಾಯಿಯನ್ನು ಬಿಟ್ಟುಹೋಗಿದ್ದಾರೆ ಎಂದು ಮೊದಲ ದಿನವೇ ತೀರ್ಮಾನಿಸಬೇಡಿ. ಪಟಾಕಿಗೆ ಹೆದರಿ ಗೇಟು ಹಾರಿ ಬಂದದ್ದೂ ಇರಬಹುದು. ಹತ್ತಿರದ ಪಶುವೈದ್ಯರ ಬಳಿ ಮೈಕ್ರೋಚಿಪ್ (ಗುರುತಿಗೆಂದು ಚರ್ಮದಡಿ ಹಾಕುವ ಪುಟ್ಟ ಚಿಪ್) ಇದೆಯೇ ಎಂದು ಸ್ಕ್ಯಾನ್ ಮಾಡಿಸಿ. ಭುಜದ ಎರಡೂ ಎಲುಬುಗಳ ನಡುವೆ ಹಾಕಿದ ಚಿಪ್ ಕೆಲವೊಮ್ಮೆ ಕೆಳಗೆ ಜಾರಿರುತ್ತದೆ, ಆದ್ದರಿಂದ ಸ್ಕ್ಯಾನರನ್ನು ಕುತ್ತಿಗೆಯಿಂದ ಮುಂಗಾಲಿನವರೆಗೆ ಎರಡೂ ಬದಿ ಆಡಿಸಲು ಹೇಳಿ. 15 ಅಂಕಿಯ ಸಂಖ್ಯೆ ಬಂದರೆ ಬರೆದುಕೊಳ್ಳಿ. ಸಿಕ್ಕ ಜಾಗದ ಠಾಣೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 'ಸಿಕ್ಕಿದೆ' ಎಂಬ ಫೋಟೋ ಹಾಕುವಾಗ ಒಂದು ಗುರುತನ್ನು ಬಚ್ಚಿಡಿ, ಎದೆಯ ಬಿಳಿ ಮಚ್ಚೆಯೋ ಹರಿದ ಕಿವಿಯೋ. ನಿಜವಾದ ಮಾಲೀಕರು ಅದನ್ನು ತಾವಾಗಿ ಹೇಳುತ್ತಾರೆ. ಹಳೆಯ ಫೋಟೋ, ಲಸಿಕೆ ಕಾರ್ಡು ಏನೂ ಇಲ್ಲದೆ 'ನಮ್ಮದೇ' ಎಂದು ಬರುವವರಲ್ಲಿ ಮಾರುವವರೂ ಇರುತ್ತಾರೆ.

ಮಾಲೀಕರೇ ತಂದು ಒಪ್ಪಿಸುವುದಾದರೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳದೆ ನಾಯಿ ಇಳಿಸಿಕೊಳ್ಳಬೇಡಿ. ಹೆಸರು, ವಯಸ್ಸು, ಕೊನೆಯ ಲಸಿಕೆಯ ದಿನ, ಯಾರನ್ನಾದರೂ ಕಚ್ಚಿದೆಯೇ, ಈಗ ಏನು ತಿನ್ನುತ್ತದೆ, ಇಷ್ಟು ಪತ್ರದಲ್ಲೇ ಇರಲಿ. ಬೈಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಬೈಸಿಕೊಂಡವರು ಕಚ್ಚಿದ ಸಂಗತಿ ಮುಚ್ಚಿಡುತ್ತಾರೆ, ಮುಂದಿನ ಸಲ ರಿಂಗ್ ರೋಡಿನಲ್ಲಿ ಇಳಿಸುತ್ತಾರೆ. ಹಸಿವು ಬಾಯಾರಿಕೆಗೆ ಸಿಕ್ಕಿ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಇದನ್ನು ತಣ್ಣಗೆ ಒಮ್ಮೆ ಹೇಳಿದರೆ ಸಾಕು.

ಬೇರೆ ನಾಯಿಗಳಿಂದ 14 ದಿನ ಪ್ರತ್ಯೇಕವಾಗಿಡಿ. ನಾಯಿಯಿಂದ ನಾಯಿಗೆ ಹರಡುವ ವೈರಸ್ ರೋಗಗಳಲ್ಲಿ ಪಾರ್ವೊ ಸಾಮಾನ್ಯವಾಗಿ ಒಂದು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಡಿಸ್ಟೆಂಪರ್ ಅದಕ್ಕಿಂತ ತಡವಾಗಿಯೂ ತೋರಬಹುದು. ಬಂದ ದಿನವೇ ತೂಕ ಮಾಡಿ. ಜಂತಿನ ಮಾತ್ರೆ ತೂಕದ ಲೆಕ್ಕದಲ್ಲಿ ಈಗೊಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ. ರೇಬೀಸ್ ಲಸಿಕೆಗೆ ದಾಖಲೆ ಇಲ್ಲದಿದ್ದರೆ ಹಾಕಿಲ್ಲವೆಂದೇ ಲೆಕ್ಕ.

ನಮ್ಮ ಕಡೆ ತಪ್ಪದೆ ನೋಡಬೇಕಾದದ್ದು ಉಣ್ಣಿ ಜ್ವರ. ಉಣ್ಣಿ ತೆಗೆದು ಮೈ ತೊಳೆದ ಕೂಡಲೇ ನಾಯಿ ಚೆನ್ನಾಗಿ ಕಾಣುತ್ತದೆ, ಆದರೆ ಉಣ್ಣಿಯಿಂದ ಹರಡುವ ಎರ್ಲಿಕಿಯ ಎಂಬ ರೋಗಾಣು ತಿಂಗಳುಗಟ್ಟಲೆ ರಕ್ತದಲ್ಲಿ ಸುಮ್ಮನೆ ಕೂತಿರಬಲ್ಲದು. ದತ್ತು ಹೋದ ಮೇಲೆ ಮೂಗಿನಿಂದ ರಕ್ತ ಬಂದರೆ ಹೊಸ ಮನೆಯವರು ಕಂಗಾಲಾಗುತ್ತಾರೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ನೋಡಿಸಿ, ಎರ್ಲಿಕಿಯಕ್ಕೆ ಕಿಟ್ ಪರೀಕ್ಷೆ ಮಾಡಿಸಿ. ಉಣ್ಣಿಯೇ ಹರಡುವ ಇನ್ನೊಂದು ರೋಗಾಣು ಬೆಬೀಸಿಯ ಆ ಕಿಟ್‌ನಲ್ಲಿ ಗೊತ್ತಾಗದಿರಬಹುದು. ಅನುಮಾನವಿದ್ದರೆ ರಕ್ತದ ಸ್ಮಿಯರ್ (ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಅಥವಾ ಪಿಸಿಆರ್ ಪರೀಕ್ಷೆ ಕೇಳಿ. ಎರ್ಲಿಕಿಯಕ್ಕೆ ಡಾಕ್ಸಿಸೈಕ್ಲಿನ್ ಕೋರ್ಸ್ ಸಾಮಾನ್ಯವಾಗಿ 28 ದಿನದ್ದು. ಅದು ಮುಗಿಯುವ ಮೊದಲು ನಾಯಿ ಕೊಡಬೇಕಾಗಿ ಬಂದರೆ ಉಳಿದ ಮಾತ್ರೆಗಳನ್ನು ಎಣಿಸಿ, ಮುಗಿಯುವ ತಾರೀಖು ಬರೆದು ಕೊಡಿ.

ಎಲುಬಿನ ಗೂಡಾಗಿ ಬಂದ ನಾಯಿಗೆ ಅಯ್ಯೋ ಪಾಪ ಎಂದು ಪಾತ್ರೆ ತುಂಬ ಅನ್ನ ಸುರಿಯಬೇಡಿ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ನಾಯಿ ಸಾಯಬಹುದು. 24 ಕಿಲೋಗೆ ಇಳಿದಿರುವ ಶೆಫರ್ಡ್‌ಗೆ ವಿಶ್ರಾಂತಿಯಲ್ಲಿ ಬೇಕಾಗುವುದು ದಿನಕ್ಕೆ ಸುಮಾರು 760 ಕಿಲೋಕ್ಯಾಲರಿ. ಮೊದಲ ದಿನ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಸಾಕು. ಒಣ ಆಹಾರದ ಲೆಕ್ಕದಲ್ಲಿ 55ರಿಂದ 70 ಗ್ರಾಂ, ಅದನ್ನೂ ನೆನೆಸಿ ನಾಲ್ಕೈದು ಸಲ ಹಂಚಿ. ನಾಲ್ಕೈದು ದಿನದಲ್ಲಿ ನಿಧಾನಕ್ಕೆ ಪೂರ್ತಿ ಪ್ರಮಾಣಕ್ಕೆ ಬನ್ನಿ. ಇದನ್ನು ವೈದ್ಯರಿಗೆ ತೋರಿಸಿಯೇ ಮಾಡಿ.

ಶೆಫರ್ಡ್, ಲ್ಯಾಬ್, ರಾಟ್‌ವೈಲರ್ ಆದರೆ ಸೊಂಟದ ಎಕ್ಸ್‌ರೇ ತೆಗೆಸಿ. ಖರ್ಚು ಅನ್ನಿಸುತ್ತದೆ, ಆದರೆ ಮೂರನೇ ಮಹಡಿಯ ಮನೆಗೆ ಕೊಡಬಹುದೇ ಬೇಡವೇ ಎಂಬುದನ್ನು ಹೇಳುವುದು ಆ ಒಂದು ಫಿಲ್ಮ್. ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿಸಿಯೇ ಕೊಡಿ. ಜೋಲುಬಿದ್ದ ಮೊಲೆಗಳ ಹೆಣ್ಣು ನಾಯಿಗಳ ಮೇಲೆ ಮರಿ ಮಾರುವವರ ಕಣ್ಣು ಇನ್ನೂ ಇರುತ್ತದೆ, ಆಪರೇಷನ್ ಆಗದ ಹೆಣ್ಣಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವೂ ಉಂಟು. ಗಂಡು ನಾಯಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು. ಒಂದೂವರೆ ತಿಂಗಳು ಹೆಣ್ಣು ನಾಯಿಗಳಿಂದ ದೂರವಿಡಿ. ಬೆಳವಣಿಗೆ ಮುಗಿಯದ ಗ್ರೇಟ್ ಡೇನ್‌ನಂಥ ನಾಯಿಗೆ ವೈದ್ಯರು ಕಾಯಲು ಹೇಳಿದರೆ ಮಾತ್ರ ವಿನಾಯಿತಿ. ಆಗ ಆಪರೇಷನ್ ತಿಂಗಳನ್ನು ಕರಾರಿನಲ್ಲಿ ಬರೆದು, 5000 ರೂಪಾಯಿಯಂಥ ಒಂದು ಠೇವಣಿ ಇರಿಸಿಕೊಂಡು, ಆಪರೇಷನ್ ಚೀಟಿ ತೋರಿಸಿದ ದಿನ ವಾಪಸ್ ಮಾಡಿ.

ನಾಯಿ ಯಾರು ಎಂದು ತಿಳಿಯುವುದು

ಕೆನ್ನೆಲ್‌ನಲ್ಲಿ ನೋಡಿದ ನಾಯಿ ಮನೆಯಲ್ಲಿ ಬೇರೆಯೇ ಇರುತ್ತದೆ. ಸಾಧ್ಯವಾದರೆ ಎರಡು ಮೂರು ವಾರ ತಾತ್ಕಾಲಿಕ ಮನೆಯೊಂದರಲ್ಲಿ ಇರಿಸಿ. ಆ ಮನೆಯವರ ಕೈಗೆ ಒಂದು ನೋಟ್ ಬುಕ್ ಕೊಡಿ. 'ಬಹಳ ಪ್ರೀತಿ ಮಾಡುತ್ತೆ' ಎಂಬ ಬರವಣಿಗೆಯಿಂದ ಉಪಯೋಗವಿಲ್ಲ. ಬೇಕಾದದ್ದು ಇಂಥದು: 'ಬೆಲ್ ಆದಾಗ ಬಾಗಿಲಿಗೆ ಓಡಿ ಏಳೆಂಟು ಸಲ ಬೊಗಳಿತು, ಕರೆದಾಗ ಬಂತು. ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗನನ್ನು ಕಂಡು ಗುರುಗುಟ್ಟಿತು, ಹೆಲ್ಮೆಟ್ ತೆಗೆದ ಮೇಲೆ ಬಾಲ ಆಡಿಸಿತು.'

ಈ ವಿಷಯಗಳನ್ನು ಒಂದೊಂದಾಗಿ ಗಮನಿಸಿ. ಮನೆಯೊಳಗೆ ಉಚ್ಚೆ ಮಾಡುತ್ತದೆಯೇ, ಎಷ್ಟು ಗಂಟೆ ತಡೆದುಕೊಳ್ಳುತ್ತದೆ. ಮೆಟ್ಟಿಲು ಇಳಿಯುತ್ತದೆಯೇ, ಜೀವನವಿಡೀ ಟೆರೇಸ್ ಮೇಲಿದ್ದ ನಾಯಿಗಳಿಗೆ ಮೆಟ್ಟಿಲೂ ಲಿಫ್ಟೂ ಭಯ. ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತದೆ. ಹಳೆಯ ಮೊಬೈಲನ್ನು ರೆಕಾರ್ಡಿಂಗ್‌ಗೆ ಇಟ್ಟು ಮೊದಲು 10 ನಿಮಿಷ, ಆಮೇಲೆ 40 ನಿಮಿಷ, ಆಮೇಲೆ ಮೂರು ಗಂಟೆ ಹೊರಗೆ ಹೋಗಿ ನೋಡಿ. ಬಾಗಿಲು ಪರಚಿ ಉಗುರಿನಲ್ಲಿ ರಕ್ತ ಬರುವಂತಾದರೆ, ಇಬ್ಬರೂ ಆಫೀಸಿಗೆ ಹೋಗುವ ಮನೆ ಅದಕ್ಕೆ ಸರಿಹೋಗುವುದಿಲ್ಲ. ಬೆಕ್ಕು, ಕೋಳಿ, ಕರು ಕಂಡಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಲೀಶ್ ಹಿಡಿದುಕೊಂಡೇ ನೋಡಿ. ಮುಧೋಳ ನಾಯಿಯಂಥ ಬೇಟೆ ತಳಿ ಓಡುವುದನ್ನು ಕಂಡರೆ ಅಟ್ಟುತ್ತದೆ. ಅದು ಅದರ ರಕ್ತದಲ್ಲಿರುವುದು, ಎಷ್ಟು ಕಲಿಸಿದರೂ ಕೋಳಿ ಸಾಕಿದ ಮನೆಗೆ ನೆಮ್ಮದಿ ಇರುವುದಿಲ್ಲ.

ಊಟದ ತಟ್ಟೆ ಕಾಯುವ ಗುಣ ಇದೆಯೇ ಎಂದು ನೋಡಲು ಕೆಲವರು ತಿನ್ನುತ್ತಿರುವಾಗ ತಟ್ಟೆಗೆ ಕೈ ಹಾಕುತ್ತಾರೆ. ಹಾಗೆ ಮಾಡಬೇಡಿ. ಪದೇಪದೇ ಕೈ ಹಾಕಿದರೆ ಇಲ್ಲದ ಗುಣವೂ ಹುಟ್ಟುತ್ತದೆ. ಐದಾರು ಅಡಿ ದೂರದಿಂದ ಹಾದುಹೋಗಿ ನೋಡಿ. ಮೈ ಸೆಟೆದು, ತಿನ್ನುವ ವೇಗ ಹೆಚ್ಚಾಗಿ, ತಲೆ ಎತ್ತದೆ ಕಣ್ಣಂಚಿನಲ್ಲೇ ನಿಮ್ಮನ್ನು ನೋಡಿದರೆ ಉತ್ತರ ಸಿಕ್ಕಿತು. ಹಸಿದು ಬಂದ ನಾಯಿಯಲ್ಲಿ ಇದು ಮೊದಲ ದಿನಗಳಲ್ಲಿ ಸಹಜ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ ಎಂದು ನಂಬಿಕೆ ಬಂದ ಮೇಲೆ ಎಷ್ಟೋ ನಾಯಿಗಳಲ್ಲಿ ಇಳಿಯುತ್ತದೆ. ಮೂರು ವಾರವಾದರೂ ಇಳಿಯದಿದ್ದರೆ ಚಿಕ್ಕ ಮಕ್ಕಳಿರುವ ಮನೆಯನ್ನು ಪಟ್ಟಿಯಿಂದ ತೆಗೆಯಿರಿ.

ಈ ಹೊತ್ತಲ್ಲೇ ಎರಡು ಅಭ್ಯಾಸ ಮಾಡಿಸಿ. ಒಂದು, ಎದೆಯ ಮುಂಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್, ಅಂದರೆ ಮೈಗೆ ತೊಡಿಸುವ ಪಟ್ಟಿ. ಬೆನ್ನಿನ ಮೇಲೆ ಕೊಂಡಿ ಇದ್ದರೆ ನಾಯಿ ಗಾಡಿಗೆ ಹೂಡಿದ ಎತ್ತಿನಂತೆ ಎದೆ ಕೊಟ್ಟು ಎಳೆಯುತ್ತದೆ. ಮುಂದೆ ಇದ್ದರೆ ಎಳೆದಾಗ ಪಕ್ಕಕ್ಕೆ ತಿರುಗಿಬಿಡುತ್ತದೆ. ಇನ್ನೊಂದು, ಬುಟ್ಟಿ ಮಾದರಿಯ ಬಾಯಿ ಕುಕ್ಕೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗ ಇರಬೇಕು. ಒಳಗೆ ಕೋಳಿ ಚೂರು ಹಾಕಿ ನಾಯಿಯೇ ಮೂತಿ ತೂರಿಸುವಂತೆ ಒಂದು ವಾರ ಆಟವಾಡಿಸಿ. ಕುಕ್ಕೆ ಕಂಡರೆ ಬಾಲ ಆಡಿಸುವ 40 ಕಿಲೋ ನಾಯಿಯನ್ನು ಯಾವ ಆಸ್ಪತ್ರೆಗಾದರೂ ಕರೆದೊಯ್ಯಬಹುದು.

ಜಾಹೀರಾತು

ಮಲಗಿರುವ ಫೋಟೋ ಒಂದು, ಮನುಷ್ಯರ ಪಕ್ಕ ನಿಂತಿರುವುದು ಒಂದು, ನಡೆಯುತ್ತಿರುವ 20 ಸೆಕೆಂಡಿನ ವಿಡಿಯೊ ಒಂದು. ಚೈನ್ ಕಾಣುವ, ಕಬ್ಬಿಣದ ಸರಳಿನ ಹಿಂದಿನ ಫೋಟೋ ಬೇಡ. ನೋಡುವವರಲ್ಲಿ ಕನಿಕರ ಅಥವಾ ಭಯ ಹುಟ್ಟುತ್ತದೆ, ಎರಡೂ ಒಳ್ಳೆಯ ಮನೆ ತರುವುದಿಲ್ಲ. 'ಇಂದೇ ಯಾರಾದರೂ ಕರೆದೊಯ್ಯದಿದ್ದರೆ ಸಾಯುತ್ತೆ' ಎಂದು ಬರೆದರೆ ಆ ರಾತ್ರಿ ಐವತ್ತು ಫೋನ್ ಬರುತ್ತದೆ, ಆ ಹುರುಪು ಒಂದು ವಾರ ಇರುತ್ತದೆ. ಬರೆಯುವುದು ಹೀಗಿರಲಿ:

'ಗಂಡು ಜರ್ಮನ್ ಶೆಫರ್ಡ್, ಸುಮಾರು 5 ವರ್ಷ, 33 ಕಿಲೋ. ಆಪರೇಷನ್, ಲಸಿಕೆ ಆಗಿದೆ. ಮನೆಯೊಳಗೆ ಗಲೀಜು ಮಾಡುವುದಿಲ್ಲ. ದಿನಕ್ಕೆ ಎರಡು ಸಲ 40 ನಿಮಿಷದ ನಡಿಗೆ ಬೇಕು. ದೊಡ್ಡವರೊಂದಿಗೆ ಬೇಗ ಹೊಂದಿಕೊಳ್ಳುತ್ತದೆ, 10 ವರ್ಷ ದಾಟಿದ ಮಕ್ಕಳಿದ್ದರೆ ಅಡ್ಡಿಯಿಲ್ಲ. ಬೇರೆ ಗಂಡು ನಾಯಿ ಆಗುವುದಿಲ್ಲ. ಎಡ ಸೊಂಟ ಸವೆದಿದೆ, ನೆಲಮಹಡಿ ಅಥವಾ ಲಿಫ್ಟ್ ಇರುವ ಮನೆ ಬೇಕು, ಚಳಿಗಾಲದಲ್ಲಿ ನೋವಿನ ಮಾತ್ರೆ ಬೇಕಾಗಬಹುದು. ಕಾವಲಿಗೆ, ಕಟ್ಟಿಹಾಕಲು ಕೊಡುವುದಿಲ್ಲ.'

ಇಷ್ಟು ಬರೆದರೆ ಫೋನ್ ಕಮ್ಮಿ ಬರುತ್ತವೆ. ಬಂದವರು ಮಾತ್ರ ಓದಿಕೊಂಡು ಬಂದಿರುತ್ತಾರೆ. 'ಉಚಿತ' ಎಂಬ ಪದ ಎಲ್ಲೂ ಹಾಕಬೇಡಿ. ನೀವಿರುವ ಮನೆಯ ವಿಳಾಸವೂ ಬೇಡ. ಅದು ಕಂಡರೆ ರಾತ್ರೋರಾತ್ರಿ ಇನ್ನೆರಡು ನಾಯಿ ನಿಮ್ಮ ಗೇಟಿಗೆ ಕಟ್ಟಿರುತ್ತವೆ.

ಫೋನಿನಲ್ಲಿ ಕೇಳಬೇಕಾದದ್ದು

ಮೊದಲ ಪ್ರಶ್ನೆ: 'ಮುಂಚೆ ಸಾಕಿದ್ದ ನಾಯಿ ಏನಾಯ್ತು?' ಇದರಷ್ಟು ಕೆಲಸ ಮಾಡುವ ಪ್ರಶ್ನೆ ಬೇರೆ ಇಲ್ಲ. 'ಹದಿಮೂರು ವರ್ಷ ಇತ್ತು, ಕಿಡ್ನಿ ಹೋಗಿತ್ತು, ಕೊನೆಗೆ ಇಂಥ ಡಾಕ್ಟರ್ ಹತ್ರ ಡ್ರಿಪ್ ಹಾಕಿಸ್ತಿದ್ವಿ' ಎನ್ನುವವರ ದನಿ ನಿಮಗೇ ಗೊತ್ತಾಗುತ್ತದೆ. 'ಅಣ್ಣನ ತೋಟಕ್ಕೆ ಬಿಟ್ವಿ', 'ಎಲ್ಲೋ ಹೋಯ್ತು', 'ಊರಿಗೆ ಕಳಿಸಿದ್ವಿ' ಎಂದರೆ ಇನ್ನೂ ಕೇಳಿ. ಹಳೆಯ ನಾಯಿಯನ್ನು ನೋಡುತ್ತಿದ್ದ ವೈದ್ಯರಿಗೊಂದು ಫೋನ್ ಮಾಡಿ ವಿಚಾರಿಸಲು ಒಪ್ಪಿಗೆ ಪಡೆಯಿರಿ.

ನಾಯಿ ಎಲ್ಲಿ ಮಲಗುತ್ತದೆ? ಹಗಲು ಎಷ್ಟು ಗಂಟೆ ಒಂಟಿ? ನಡೆಸುವವರು ಯಾರು, ಅವರು ಊರಿಗೆ ಹೋದರೆ ಯಾರು? 'ಕೆಲಸದ ಹುಡುಗ ನೋಡ್ಕೋತಾನೆ' ಎಂದರೆ ಆ ಹುಡುಗನ ಜೊತೆ ನೀವು ಮಾತಾಡಬೇಕು, ನಾಯಿಯ ದಿನಚರಿ ಅವನ ಕೈಯಲ್ಲಿದೆ.

'ಮನೆಗೆ ಒಳ್ಳೆ ಕಾವಲಾಗುತ್ತೆ ಅಲ್ವಾ ಸಾರ್?' ಎಂದು ಕೇಳುವವರನ್ನೆಲ್ಲ ಕೆಟ್ಟವರೆಂದು ತಳ್ಳಬೇಡಿ. ಮನೆಯೊಳಗೆ ಮಲಗುವ ಶೆಫರ್ಡ್ ಕಾವಲೂ ಆಗುತ್ತದೆ. ಆದರೆ ಖಾಲಿ ಸೈಟಿಗೆ, ಗೋಡೌನಿಗೆ, ಕಟ್ಟುತ್ತಿರುವ ಮನೆಗೆ ನಾಯಿ ಬೇಕು ಎಂದರೆ ಅಲ್ಲಿಗೆ ಮಾತು ಮುಗಿಸಿ. ಹಗಲಿರುಳು ಕಟ್ಟಿದ ದೊಡ್ಡ ನಾಯಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಹತ್ತಿರ ಬಂದವರನ್ನೆಲ್ಲ ಕಚ್ಚಲು ಕಲಿಯುತ್ತದೆ. ತೋಟದ ವಿಷಯದಲ್ಲಿ ಇನ್ನೊಂದು ಮಾತು. ತೋಟದಲ್ಲೇ ಕುಟುಂಬ ವಾಸವಿದ್ದು, ರಾತ್ರಿ ನಾಯಿ ಒಳಗೆ ಮಲಗುವುದಾದರೆ ಅದಕ್ಕಿಂತ ಒಳ್ಳೆಯ ಮನೆ ಕಡಿಮೆ. ಚಿರತೆ ಓಡಾಡುವ ಕಡೆ ಅಂಗಳದಲ್ಲಿ ಕಟ್ಟಿದ ನಾಯಿ ಓಡಲೂ ಆಗದೆ ಸಾಯುತ್ತದೆ. ತುಮಕೂರು, ರಾಮನಗರ, ಮೈಸೂರು, ಮಲೆನಾಡು, ಎಲ್ಲಿಯಾದರೂ ನಾಯಿ ರಾತ್ರಿ ಎಲ್ಲಿರುತ್ತದೆ ಎಂದು ಕೇಳದೆ ಕೊಡಬೇಡಿ.

'ಗಂಡು ಬೇಕು, ನಮ್ಮಲ್ಲಿ ಹೆಣ್ಣಿದೆ' ಎನ್ನುವವರಿಗೆ ಆಪರೇಷನ್ ಆಗಿದೆ ಎಂದರೆ ಸಾಕು, ಫೋನ್ ತಾನಾಗಿ ಕಟ್ ಆಗುತ್ತದೆ.

ಖರ್ಚಿನ ಲೆಕ್ಕ ನೀವೇ ಎತ್ತಿ. 30 ಕಿಲೋ ನಾಯಿಗೆ ದಿನಕ್ಕೆ ಸುಮಾರು 400 ಗ್ರಾಂ ಒಣ ಆಹಾರ, ತಿಂಗಳಿಗೆ 12 ಕಿಲೋ. ಕಿಲೋಗೆ 250 ರೂಪಾಯಿ ಎಂದು ಹಿಡಿದರೂ 3000 ರೂಪಾಯಿ ಊಟಕ್ಕೇ ಆಯಿತು. ಉಣ್ಣಿ ಮಾತ್ರೆ, ಜಂತಿನ ಮಾತ್ರೆ, ನೋವಿನ ಮಾತ್ರೆ ಎಲ್ಲವೂ ತೂಕದ ಮೇಲೆ, ಅಂದರೆ ಪಕ್ಕದ ಮನೆಯ ಪಗ್‌ಗೆ ತಗಲುವುದರ ಎಷ್ಟೋ ಪಟ್ಟು. ಮನೆಯಡುಗೆ ಹಾಕುತ್ತೇವೆ ಎಂದರೆ ಒಳ್ಳೆಯದೇ, ಆದರೆ ಬರೀ ಮೊಸರನ್ನ ಅಥವಾ ರಾಗಿ ಮುದ್ದೆಯಲ್ಲಿ ಮಾಂಸಖಂಡ ಉಳಿಯುವುದಿಲ್ಲ. ಕೋಳಿ, ಮೊಟ್ಟೆ ಸೇರಬೇಕು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಹಾಕಬಾರದು. ಮಾಂಸ ಮನೆಯೊಳಗೆ ತರದ ಕುಟುಂಬವಾದರೆ ಪ್ಯಾಕೆಟ್ ಆಹಾರಕ್ಕೆ ಒಪ್ಪಿಗೆ ಇದೆಯೇ ಎಂದು ಮೊದಲೇ ಕೇಳಿ. ಸಂಕೋಚಪಟ್ಟು ಬಿಟ್ಟ ಈ ಪ್ರಶ್ನೆಯಿಂದಲೂ ನಾಯಿಗಳು ವಾಪಸ್ ಬರುತ್ತವೆ.

ಮನೆ ನೋಡಲು ಹೋದಾಗ

ಟೇಪ್ ಒಯ್ಯಿರಿ. ಕಾಂಪೌಂಡ್ ಕನಿಷ್ಠ 5 ಅಡಿ, ಹಸ್ಕಿ ಅಥವಾ ಮುಧೋಳ ಆದರೆ 6 ಅಡಿ. ಗೋಡೆಗೆ ಒರಗಿಸಿದ ನೀರಿನ ಡ್ರಮ್, ಕಲ್ಲು, ಹೂಕುಂಡ ಇದ್ದರೆ ಎತ್ತರದ ಲೆಕ್ಕ ಅಲ್ಲಿಂದ. ಗೇಟಿನ ಚಿಲಕವನ್ನು ನೀವೇ ಅಲ್ಲಾಡಿಸಿ ನೋಡಿ. ಮೂತಿಯಿಂದ ಎತ್ತಿದರೆ ತೆರೆಯುವಂಥದಾದರೆ ಕೊಂಡಿ ಹಾಕಿಸಲು ಹೇಳಿ. ಹಾಲು, ಪೇಪರ್, ನೀರಿನ ಕ್ಯಾನ್ ತರುವವರು ಗೇಟು ತೆರೆದೇ ಬಿಟ್ಟು ಹೋಗುತ್ತಾರೆಯೇ ಎಂದು ಕೇಳಿ. ನುಣುಪು ಟೈಲ್ಸ್ ನೆಲದ ಮೇಲೆ ಸೊಂಟ ಸರಿಯಿಲ್ಲದ ನಾಯಿಯ ಹಿಂಗಾಲು ಎರಡೂ ಕಡೆ ಜಾರುತ್ತವೆ. ಮಲಗುವ ಜಾಗದಿಂದ ನೀರಿನ ಪಾತ್ರೆವರೆಗೆ, ಅಲ್ಲಿಂದ ಬಾಗಿಲವರೆಗೆ ರಬ್ಬರ್ ಮ್ಯಾಟ್ ಹಾಸಿದರೆ ಸಾಕು, ಇಡೀ ಮನೆ ಬೇಡ.

ಮನೆಯವರೆಲ್ಲ ಇರುವ ಹೊತ್ತಿಗೇ ಹೋಗಿ. ಸಂಬಂಧ ನೋಡುವಾಗ ಹೇಗೋ ಹಾಗೆ, ಮೂಲೆಯಲ್ಲಿ ಮಾತಾಡದೆ ಕೂತ ಅಜ್ಜಿಯ ಮುಖ ನೋಡಿ. ಹಗಲೆಲ್ಲ ನಾಯಿಯ ಜೊತೆ ಇರುವವರು ಅವರೇ. 'ಅಜ್ಜಿ, ನಿಮಗೆ ಪರವಾಗಿಲ್ವಾ? ಇದು ಮೈಮೇಲೆ ಬಂದ್ರೆ ನೀವು ಬೀಳ್ತೀರಿ' ಎಂದು ನೇರವಾಗಿ ಕೇಳಿ. ಅವರಿಗೆ ಮನಸ್ಸಿಲ್ಲದಿದ್ದರೆ ಮಗ ಎಷ್ಟೇ ಆಸೆಪಟ್ಟರೂ ಆ ಮನೆಗೆ ಕೊಡಬೇಡಿ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು, ಅದರಲ್ಲಿ ತಳಿ ಮತ್ತು ತೂಕ ಇರಲಿ. 'ನಾಯಿ ಸಾಕಬಹುದು' ಎಂದವರು ಪೊಮೆರೇನಿಯನ್ ಅಂದುಕೊಂಡಿರುತ್ತಾರೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ದಿನಾ ಲಿಫ್ಟಿನಲ್ಲಿ ಜಗಳ ಆಡಿ ಸೋತವರು ಕೊನೆಗೆ ನಾಯಿಯನ್ನೇ ಬಿಡುತ್ತಾರೆ, ಆದ್ದರಿಂದ ಆ ಕಟ್ಟಡದಲ್ಲಿ ಬೇರೆ ದೊಡ್ಡ ನಾಯಿಗಳು ಇವೆಯೇ ಎಂದು ಗೇಟಿನ ಸೆಕ್ಯುರಿಟಿಯವರನ್ನು ವಿಚಾರಿಸಿ. ರಾಟ್‌ವೈಲರ್, ಮ್ಯಾಸ್ಟಿಫ್‌ನಂಥ ನಾಯಿಗಳ ಬಗ್ಗೆ ಇನ್ನೊಂದು ಗೊಂದಲ ಇದೆ. 2024ರ ಮಾರ್ಚ್‌ನಲ್ಲಿ 23 ತಳಿಗಳ ಮೇಲೆ ನಿರ್ಬಂಧ ಹೇರಲು ಕೇಂದ್ರ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಹೊರ ರಾಜ್ಯಕ್ಕೆ ಕೊಡುವುದಾದರೆ ಆ ಊರಿನ ಪಾಲಿಕೆಯ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಿ.

ಹವೆಯ ಮಾತು ಚಿಕ್ಕದು: ಸೇಂಟ್ ಬರ್ನಾರ್ಡ್, ಹಸ್ಕಿ, ಮ್ಯಾಲಮ್ಯೂಟ್‌ಗಳನ್ನು ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಗೆ ಕಳಿಸಬೇಡಿ.

ಮನೆಯಲ್ಲಿ ಈಗಾಗಲೇ ನಾಯಿ ಇದ್ದರೆ ಪರಿಚಯ ಮನೆಯೊಳಗೆ ಆಗಬಾರದು. ಎರಡಕ್ಕೂ ಹೊಸದಾದ ರಸ್ತೆಯಲ್ಲಿ, ಇಬ್ಬರು ಹಿಡಿದುಕೊಂಡು, ನಾಲ್ಕೈದು ಮೀಟರ್ ಅಂತರದಲ್ಲಿ ಒಂದೇ ದಿಕ್ಕಿಗೆ 20 ನಿಮಿಷ ನಡೆಸಿ. ಎರಡರ ಮೈಯೂ ಸಡಿಲಾದ ಮೇಲೆ ಹತ್ತಿರ ತನ್ನಿ, ಮೂರು ಸೆಕೆಂಡ್ ಮೂಸಲು ಬಿಟ್ಟು ಮತ್ತೆ ನಡೆಸಿ. ಲೀಶ್ ಬಿಗಿ ಹಿಡಿದು ಮುಖಾಮುಖಿ ನಿಲ್ಲಿಸಿದರೆ ಜಗಳ ನೀವೇ ಹಚ್ಚಿದಂತೆ.

ಕರಾರು, ಹಸ್ತಾಂತರ, ಮೊದಲ ಮೂರು ವಾರ

ಕರಾರು ಒಂದು ಪುಟ ಸಾಕು. ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಪ್ರತಿ, ಚಿಪ್ ಸಂಖ್ಯೆ, ಈ ಷರತ್ತುಗಳು: ಖಾಯಮ್ಮಾಗಿ ಕಟ್ಟಿಹಾಕುವುದಿಲ್ಲ, ಮರಿ ಮಾಡಿಸುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಸಾಕಲಾಗದಿದ್ದರೆ ಯಾವಾಗಲಾದರೂ ನಮಗೇ ಹಿಂತಿರುಗಿಸುತ್ತೇವೆ, ಮನೆ ಬದಲಿಸಿದರೆ ತಿಳಿಸುತ್ತೇವೆ. ನಿಮ್ಮ ಕಡೆಯಿಂದ ಕೊಡುವ ಆರೋಗ್ಯದ ವಿವರ, ಕಚ್ಚಿದ್ದರೆ ಅದರ ವಿವರ ಇದೇ ಹಾಳೆಯಲ್ಲಿ ಇರಬೇಕು, ಇಬ್ಬರೂ ಸಹಿ ಹಾಕಬೇಕು. ಚಿಪ್ ಹಾಕಿಸಿ ಬಿಟ್ಟರೆ ಸಾಲದು, ಹೊಸ ಮನೆಯ ಫೋನ್ ನಂಬರ್ ನೋಂದಣಿ ಆಗಿದೆಯೇ ನೋಡಿ. ನಗರಗಳಲ್ಲಿ ಪಾಲಿಕೆಯ ಸಾಕುನಾಯಿ ಪರವಾನಗಿ ಬೇಕಾದರೆ ಅದನ್ನೂ ಮಾಡಿಸಿಕೊಡಿ.

ದಿನ ಆರಿಸುವಾಗ ಗಣೇಶನ ಮೆರವಣಿಗೆ, ದೀಪಾವಳಿ ಮುಂಚಿನ ಎರಡು ವಾರ ಬಿಟ್ಟುಬಿಡಿ. ಹೊಸ ಮನೆಯ ವಾಸನೆಗೇ ಹೊಂದದ ನಾಯಿಗೆ ಪಟಾಕಿ ಸಿಡಿದರೆ ಕಿಟಕಿ ಗಾಜು ಒಡೆದಾದರೂ ಓಡುತ್ತದೆ. ಶುಕ್ರವಾರ ಸಂಜೆಯೋ ಶನಿವಾರ ಬೆಳಿಗ್ಗೆಯೋ ಒಳ್ಳೆಯದು, ಎರಡು ದಿನ ಮನೆಯವರು ಇರುತ್ತಾರೆ. ನೀವೇ ಕರೆದುಕೊಂಡು ಹೋಗಿ ಬಿಡಿ. ಅದು ಮಲಗಿದ್ದ ಹಳೆಯ ಬೆಡ್‌ಶೀಟನ್ನು ಒಗೆಯದೆ ಜೊತೆಗೆ ಕೊಡಿ, ಅದು ಇಲ್ಲಿಯವರೆಗೆ ತಿನ್ನುತ್ತಿದ್ದ ಆಹಾರವನ್ನೂ ಒಂದು ವಾರಕ್ಕಾಗುವಷ್ಟು ಕೊಡಿ.

ಮೊದಲ ಸಂಜೆ ಶೆಫರ್ಡ್ ಒಂದು ಮನೆಗೆ ಬಂದಾಗ ಹೀಗಿರುತ್ತದೆ. ಹೊಸ್ತಿಲಲ್ಲಿ ನಿಲ್ಲುತ್ತದೆ. ಒಳಗೆ ಬಂದು ಗೋಡೆಗುಂಟ ಎಲ್ಲ ಕೋಣೆ ಸುತ್ತುತ್ತದೆ, ಮೂಗು ನೆಲ ಬಿಟ್ಟು ಏಳುವುದಿಲ್ಲ. ತಣ್ಣಗಿದ್ದರೂ ಏದುಸಿರು ಬಿಡುತ್ತದೆ. ನೀರಿನ ಪಾತ್ರೆ ಮೂಸಿ ಮುಂದೆ ಹೋಗುತ್ತದೆ. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತದೆ, ಕರೆದುಕೊಂಡು ಬಂದವರು ಹೋದ ಕಡೆ ನೋಡುತ್ತಾ. ಆ ಹೊತ್ತಿನಲ್ಲಿ ಎಲ್ಲರೂ ಸುತ್ತ ಕೂತು ಮುಟ್ಟುವುದು, ತಬ್ಬಿ ಫೋಟೋ ತೆಗೆಯುವುದು, ನೆಂಟರನ್ನು ಕರೆಯುವುದು ಬೇಡ. ಟಿವಿ ಸಣ್ಣಗೆ ಇಟ್ಟು ತಮ್ಮ ಕೆಲಸ ತಾವು ಮಾಡಿಕೊಂಡಿರಲಿ. ರಾತ್ರಿ ಊಟ ಬಿಟ್ಟರೂ ಗಾಬರಿ ಬೇಡ. ನೀರು ಕುಡಿಯುತ್ತಿದ್ದರೆ ಒಂದು ದಿನ ಕಾಯಬಹುದು.

ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಮೂರು ವಾರ ಎರಡು ಲೀಶ್: ಒಂದು ಹಾರ್ನೆಸ್‌ಗೆ, ಇನ್ನೊಂದು ಕೊರಳಿನ ಬೆಲ್ಟ್‌ಗೆ. ಹಿಂದಕ್ಕೆ ಜಗ್ಗಿ ಒಂದರಿಂದ ತಲೆ ಕಳಚಿಕೊಂಡರೂ ಇನ್ನೊಂದು ಉಳಿಯುತ್ತದೆ. ಕಾರಿನ ಬಾಗಿಲು ತೆರೆಯುವ ಮೊದಲು ಲೀಶ್ ಕೈಯಲ್ಲಿರಲಿ. ಓಡಿಹೋದರೆ ಬೆನ್ನಟ್ಟಬಾರದು, ಹೆಸರು ಕೂಗುತ್ತಾ ಹತ್ತು ಜನ ನುಗ್ಗಬಾರದು. ಕೊನೆಗೆ ಕಂಡ ಜಾಗದಲ್ಲಿ ಅದರ ಬೆಡ್‌ಶೀಟ್, ನೀರು ಇಟ್ಟು, ಅದಕ್ಕೆ ಗೊತ್ತಿರುವ ಒಬ್ಬರೇ ಕೂರಲಿ. ಬೆಳಗಿನ ಜಾವ ವಾಹನ ಕಡಿಮೆ ಇರುವಾಗ ಬರುವ ಸಾಧ್ಯತೆ ಹೆಚ್ಚು.

ಊಟ ದಿನಕ್ಕೆ ಎರಡು ಭಾಗ, ಊಟದ ಹಿಂದೆಮುಂದೆ ಒಂದು ಗಂಟೆ ಓಟ ಬೇಡ. ಗ್ರೇಟ್ ಡೇನ್, ಶೆಫರ್ಡ್‌ನಂಥ ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ವಾಂತಿಗೆ ಒತ್ತರಿಸಿದರೂ ಏನೂ ಬರದೆ, ಹೊಟ್ಟೆ ಡೋಲಿನಂತಾಗಿ, ಕೂರಲಾರದೆ ನಿಲ್ಲಲಾರದೆ ಚಡಪಡಿಸಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಗಂಟೆಗಳಲ್ಲಿ ಸಾಯುತ್ತದೆ. ರಾತ್ರಿಯಿಡೀ ತೆರೆದಿರುವ ಹತ್ತಿರದ ಪಶು ಆಸ್ಪತ್ರೆಯ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಬನ್ನಿ.

ಮೊದಲ ರಾತ್ರಿ, 3ನೇ ದಿನ, 7ನೇ ದಿನ, 21ನೇ ದಿನ, ಮೂರು ತಿಂಗಳಿಗೆ ಫೋನ್ ಮಾಡಿ. 'ಹೇಗಿದೆ?' ಎಂದರೆ 'ಚೆನ್ನಾಗಿದೆ' ಎನ್ನುತ್ತಾರೆ. 'ನಿನ್ನೆ ರಾತ್ರಿ ಎಲ್ಲಿ ಮಲಗಿತ್ತು? ಬೆಳಿಗ್ಗೆ ಯಾರು ಕರ್ಕೊಂಡು ಹೋದ್ರು? ಕೆಲಸದವರು ಬಂದಾಗ ಏನ್ಮಾಡ್ತು?' ಎಂದು ಕೇಳಿ. ಉತ್ತರ 'ಟೆರೇಸ್ ಮೇಲೆ' ಎಂದು ಬಂದರೆ ಅದೇ ವಾರ ಹೋಗಿ ಬನ್ನಿ.

ಮೂರನೇ ವಾರದ ಸುಮಾರಿಗೆ ಎಷ್ಟೋ ಮನೆಗಳಿಂದ ಒಂದೇ ಬಗೆಯ ಫೋನ್ ಬರುತ್ತದೆ: 'ಇಷ್ಟು ದಿನ ಸಾಧು ಇತ್ತು, ಈಗ ಬಂದವರಿಗೆಲ್ಲ ಬೊಗಳ್ತಿದೆ.' ನಾಯಿ ಕೆಟ್ಟಿಲ್ಲ. ಮೊದಲು ಭಯಕ್ಕೆ ಮುದುರಿಕೊಂಡಿತ್ತು, ಈಗ ಇದು ನನ್ನ ಮನೆ ಎಂದು ಒಪ್ಪಿಕೊಂಡಿದೆ. ಇದು ಬರುತ್ತದೆ ಎಂದು ಕೊಡುವ ದಿನವೇ ಹೇಳಿದ್ದರೆ ಅವರು ಹೆದರುವುದಿಲ್ಲ. ಅತಿಥಿ ಬರುವಾಗ ಬೇರೆ ಕೋಣೆಯಲ್ಲಿ ಅಗಿಯಲು ಏನಾದರೂ ಕೊಟ್ಟು ಕೂರಿಸಿ, ಬಂದವರು ಕೂತ ಮೇಲೆ ಲೀಶ್ ಹಾಕಿ ಕರೆತರಲಿ. ಹೊಡೆಯುವುದು, ಗುರುಗುಟ್ಟಿದ್ದಕ್ಕೆ ಗದರುವುದು ಬೇಡವೇ ಬೇಡ. ಗುರುಗುಟ್ಟುವುದು ಎಚ್ಚರಿಕೆ; ಅದನ್ನು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಹಲ್ಲು ಬೀಳುತ್ತದೆ. ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು, ನಾಯಿಗೆ ಲಸಿಕೆ ಆಗಿದ್ದರೂ.

ವಾಪಸ್ ಬಂದರೆ, ಯಾರೂ ಕೇಳದೆ ಉಳಿದರೆ

ವಾಪಸ್ ಕೊಡುತ್ತೇವೆ ಎಂದವರ ಜೊತೆ ವಾದ ಬೇಡ. ಎರಡು ದಿನದೊಳಗೆ ಹೋಗಿ ಕರೆದುಕೊಂಡು ಬನ್ನಿ. ತಡವಾದರೆ ನಾಯಿ ಟೆರೇಸ್ ಸೇರುತ್ತದೆ ಅಥವಾ ಕಾಣೆಯಾಗುತ್ತದೆ. ಬಂದ ಮೇಲೆ ಏನಾಯಿತು ಎಂದು ಕೂತು ಕೇಳಿ ಬರೆದುಕೊಳ್ಳಿ, ಮುಂದಿನ ಜಾಹೀರಾತಿನಲ್ಲಿ ಅದು ಸೇರಬೇಕು.

ಹತ್ತು ವರ್ಷದ ಲ್ಯಾಬ್, ಮೂರು ಕಾಲಿನ ಡೇನ್, ಒಂದು ಕಣ್ಣಿನ ರಾಟ್‌ವೈಲರ್‌ಗಳನ್ನು ತಿಂಗಳುಗಟ್ಟಲೆ ಯಾರೂ ಕೇಳುವುದಿಲ್ಲ. ಇವಕ್ಕೆ ಬೇರೆ ದಾರಿ ಇದೆ. ಔಷಧಿ, ಆಸ್ಪತ್ರೆಯ ಖರ್ಚು ನಿಮ್ಮದು, ಮನೆ ಮತ್ತು ಆರೈಕೆ ಅವರದು ಎಂದು ಬರೆದು ಕೊಡಿ. ನಿವೃತ್ತರಾದ ದಂಪತಿ, ಮನೆಯಿಂದಲೇ ಕೆಲಸ ಮಾಡುವವರು, ಮಕ್ಕಳು ವಿದೇಶಕ್ಕೆ ಹೋಗಿ ಮನೆ ಬಣಗುಡುತ್ತಿರುವವರು ಇದಕ್ಕೆ ಒಪ್ಪುತ್ತಾರೆ. ಹದಿನೈದು ವರ್ಷದ ಹೊಣೆ ಹೊರಲು ಹಿಂಜರಿಯುವ ಅರವತ್ತೈದರ ಹಿರಿಯರಿಗೆ, ದಿನವೆಲ್ಲ ಕಾಲಬುಡದಲ್ಲಿ ಮಲಗಿ ಸಂಜೆ ಬೀದಿ ತುದಿಯವರೆಗೆ ಬರುವ ಮುದಿ ಲ್ಯಾಬ್ ಸರಿಯಾದ ಜೋಡಿ. ಇವರನ್ನು ಹುಡುಕಲು ಫೋಟೋಗಿಂತ ಪಶುವೈದ್ಯರು ಹೆಚ್ಚು ನೆರವಾಗುತ್ತಾರೆ: ಹಳೆಯ ನಾಯಿ ತೀರಿಕೊಂಡು ನಾಲ್ಕಾರು ತಿಂಗಳಾದ ಮನೆಗಳು ಯಾವುವೆಂದು ಅವರಿಗೆ ಗೊತ್ತು. ನಿಮ್ಮ ನಂಬರನ್ನು ಆ ಮನೆಯವರಿಗೆ ದಾಟಿಸಲು ವೈದ್ಯರನ್ನು ಕೇಳಿಕೊಳ್ಳಿ. ಹಾಗೆಯೇ, ಬೇರೆ ನಾಯಿಗೆಂದು ಬಂದು ಆ ನಾಯಿ ಸಿಗದೆ ಹೋದ ಒಳ್ಳೆಯ ಮನೆಗಳ ಹೆಸರು, ಊರು, ಮನೆಯ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ನಾಯಿ ಬಂದಾಗ ಜಾಹೀರಾತು ಹಾಕುವ ಮೊದಲು ಅವರಿಗೆ ಫೋನ್ ಮಾಡಿ.